ನಾಲ್ಕು ಬಲ್ಬು ಹಾಕಿದರೂ ಟ್ರೇಲರ್ ಹಿಂದೆ ಕತ್ತಲೇಕೆ?

ಎತ್ತಿನ ಗಾಡಿಗಳ ಕಾಲದಲ್ಲಿ ರಾತ್ರಿ ಪಯಣಕ್ಕೆ ಹೊರಟ ಗಾಡಿಯ ಅಚ್ಚಿನ ಕೆಳಗೆ ಲಾಟೀನೊಂದು ತೂಗಾಡುತ್ತಿತ್ತು. ಗಾಡಿಯೊಂದು ಹೋಗುತ್ತಿದೆ ಎಂದು ಹಿಂದೆ ಮುಂದೆ ಬರುವವರಿಗೆ ತಿಳಿಯಲು ಅಷ್ಟು ಬೆಳಕು ಸಾಕಾಗಿತ್ತು. ಗಾಡಿಯನ್ನು ಹಿಂದಕ್ಕೆ ಸರಿಸಬೇಕಾದರೆ ಗಾಡಿಯವನೇ ಕೆಳಗಿಳಿದು, ಎತ್ತುಗಳ ಮೂಗುದಾರ ಹಿಡಿದು, ಒಂದೊಂದೇ ಹೆಜ್ಜೆ ಸರಿಸುತ್ತಿದ್ದ. ಹಿಂದೆ ಮಗುವೋ ಕರುವೋ ಇದ್ದರೆ ಅವನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ.

ಇಂದು ಆ ಜಾಗದಲ್ಲಿ ಟ್ರ್ಯಾಕ್ಟರ್ ಬಂದಿದೆ. ಅದರ ಹಿಂದೆ ಟನ್‌ಗಟ್ಟಲೆ ಭಾರ ಹೊರುವ ಟ್ರೇಲರ್. ಬೆಳಗಾವಿ, ಬಾಗಲಕೋಟೆ ಕಡೆಗಳಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ಒಂದೇ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ ಎಳೆಯುವುದು ಸಾಮಾನ್ಯ ನೋಟ. ಚಾಲಕ ಕುಳಿತ ಜಾಗದಿಂದ ಹಿಂದಿರುಗಿ ನೋಡಿದರೆ ಅವನಿಗೆ ಕಾಣುವುದು ಕಬ್ಬಿನ ಗೋಡೆಯೊಂದೇ. ಆ ಗೋಡೆಯ ಆಚೆ ಏನಿದೆ ಎಂಬುದು ಹಗಲಿನಲ್ಲೇ ಕಾಣುವುದಿಲ್ಲ. ಇನ್ನು ರಾತ್ರಿಯ ಮಾತೇನು?

ಹಾಗೆಂದು ಆಚೆ ಏನೂ ಇರುವುದಿಲ್ಲವೆ? ಕಬ್ಬು ಕಡಿಯಲು ದೂರದ ಊರುಗಳಿಂದ ಬಂದ ಗ್ಯಾಂಗಿನವರು ಹೆಂಡತಿ ಮಕ್ಕಳೊಡನೆ ಗದ್ದೆಯ ಮಗ್ಗುಲಲ್ಲೇ ಬಿಡಾರ ಹೂಡಿರುತ್ತಾರೆ. ಬೆಳಗಿನ ಜಾವದ ಚಳಿಗೆ ಮಕ್ಕಳು ತರಗಿನ ರಾಶಿಯ ಮೇಲೆ ಕಂಬಳಿ ಹೊದ್ದು ಮಲಗಿರುತ್ತವೆ. ಟ್ರೇಲರ್ ತುಂಬಲು ಗದ್ದೆಯೊಳಕ್ಕೆ ಹಿಮ್ಮುಖವಾಗಿ ಬರುವ ಹೊತ್ತೂ ಅದೇ. ನಮ್ಮ ಮನೆಗಳ ಅಂಗಳ, ಕಣಗಳಲ್ಲಿಯೂ ಇದೇ ಕಥೆ. ಆದ್ದರಿಂದ ಟ್ರೇಲರ್ ಹಿಂದಿನ ಬೆಳಕನ್ನು ಅಲಂಕಾರವೆಂದು ತಳ್ಳಿಹಾಕುವಂತಿಲ್ಲ. ಅದನ್ನು ಸರಿಯಾಗಿ ಜೋಡಿಸುವುದು ಹೇಗೆ, ತಪ್ಪಾಗುವುದು ಎಲ್ಲಿ ಎಂಬುದನ್ನು ಈ ವಾರ ನೋಡೋಣ. ಇದಕ್ಕೆ ಬೇಕಾದ ವಿಜ್ಞಾನವೆಲ್ಲ ಹತ್ತನೆಯ ತರಗತಿಯ ಪಾಠದಲ್ಲೇ ಇದೆ.

ಒಂದು ಒಳ್ಳೆಯ ಪ್ರಶ್ನೆ

ರೈತ ಕುಟುಂಬದ ವಿದ್ಯಾರ್ಥಿಯೊಬ್ಬ ಒಮ್ಮೆ ಕೇಳಿದ: "ಸಾರ್, ನಮ್ಮ ಟ್ರೇಲರ್‌ಗೆ ಎರಡು ರಿವರ್ಸ್ ಲೈಟ್ ಹಾಕ್ಸಿದ್ವಿ. ಬೆಳಕು ಸಾಲದು ಅಂತ ಅಪ್ಪ ಇನ್ನೆರಡು ಸೇರಿಸಿದ್ರು. ಈಗ ನಾಲ್ಕೂ ಮಂಕಾಗಿವೆ. ಬ್ಯಾಟರಿ ಹೊಸದು ಸಾರ್. ಯಾಕೆ ಹೀಗೆ?"

ಬ್ಯಾಟರಿ ಹೊಸದು, ಬಲ್ಬು ಹೊಸವು; ಆದರೂ ಬೆಳಕು ಏಳುತ್ತಿಲ್ಲ. ಹಾಗಾದರೆ ಸಂಶಯ ಪಡಬೇಕಾದದ್ದು ಯಾರನ್ನು? ಇವೆರಡರ ನಡುವೆ ಸದ್ದಿಲ್ಲದೆ ಕುಳಿತಿರುವ ಮೂರನೆಯವನನ್ನು, ಅಂದರೆ ತಂತಿಯನ್ನು. ಇದನ್ನು ಲೆಕ್ಕ ಮಾಡಿಯೇ ತಿಳಿಯೋಣ. ಪೆನ್ಸಿಲು ಕಾಗದ ಹತ್ತಿರ ಇಟ್ಟುಕೊಳ್ಳಿ.

ಬಲ್ಬಿನ ಲೆಕ್ಕ

ಟ್ರ್ಯಾಕ್ಟರ್ ಬ್ಯಾಟರಿಯಲ್ಲಿ ಸೀಸ ಮತ್ತು ಗಂಧಕಾಮ್ಲದ ಆರು ಕೋಶಗಳಿರುತ್ತವೆ. ಪ್ರತಿ ಕೋಶದ ವಿಭವಾಂತರ ಸುಮಾರು 2 ವೋಲ್ಟ್. ಆರನ್ನೂ ಸರಣಿಯಲ್ಲಿ ಜೋಡಿಸಿರುವುದರಿಂದ ಒಟ್ಟು 12 ವೋಲ್ಟ್. ಎಂಜಿನ್ ಓಡುವಾಗ ಇದು 14ರ ಹತ್ತಿರ ಏರುತ್ತದೆ. ಲೆಕ್ಕ ಸುಲಭವಾಗಲೆಂದು ನಾವು 12 ಎಂದೇ ಹಿಡಿಯೋಣ.

ವಾಹನಗಳ ರಿವರ್ಸ್ ದೀಪದಲ್ಲಿ ಸಾಮಾನ್ಯವಾಗಿ ಬಳಸುವ ಬಲ್ಬಿನ ಮೇಲೆ "12 ವೋಲ್ಟ್, 21 ವಾಟ್" ಎಂದು ನಮೂದಿಸಿರುತ್ತಾರೆ. ವಾಟ್ ಎಂಬುದು ವೋಲ್ಟ್ ಮತ್ತು ಆಂಪಿಯರ್‌ಗಳ ಗುಣಲಬ್ಧ. 21ನ್ನು 12ರಿಂದ ಭಾಗಿಸಿದರೆ 1.75. ಅಂದರೆ ಒಂದು ಬಲ್ಬು 1.75 ಆಂಪಿಯರ್ ವಿದ್ಯುತ್ ಪ್ರವಾಹವನ್ನು ಬೇಡುತ್ತದೆ. ಜರ್ಮನಿಯ ಗಣಿತ ಉಪಾಧ್ಯಾಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ರೋಧ ದೊರೆಯುತ್ತದೆ. 12ನ್ನು 1.75ರಿಂದ ಭಾಗಿಸಿ. ಬಲ್ಬು ಉರಿಯುತ್ತಿರುವಾಗ ಅದರ ರೋಧ ಸುಮಾರು 6.9 ಓಮ್.

ಎರಡು ಬಲ್ಬುಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಅರ್ಧವಾಗುತ್ತದೆ, ಸುಮಾರು 3.4 ಓಮ್. ನಾಲ್ಕನ್ನು ಜೋಡಿಸಿದರೆ ಕಾಲು ಭಾಗ, ಅಂದರೆ 1.7 ಓಮ್. ದಾರಿಗಳು ಹೆಚ್ಚಾದಷ್ಟೂ ಪ್ರವಾಹಕ್ಕೆ ಸಾಗುವುದು ಸುಲಭ; ಸಂತೆಗೆ ಒಂದು ಬಾಗಿಲಿನ ಬದಲು ನಾಲ್ಕು ಬಾಗಿಲು ತೆರೆದ ಹಾಗೆ.

ಸರಣಿಯಲ್ಲಿ ಏಕೆ ಜೋಡಿಸಬಾರದು ಎಂದು ಕೆಲವರು ಕೇಳಬಹುದು. ಎರಡು ಬಲ್ಬು ಸರಣಿಯಲ್ಲಿದ್ದರೆ 12 ವೋಲ್ಟನ್ನು ಅವು ಹಂಚಿಕೊಂಡು ತಲಾ 6 ವೋಲ್ಟ್ ಪಡೆಯುತ್ತವೆ. ಒಂದು ಸುಟ್ಟರೆ ಇನ್ನೊಂದೂ ಆರುತ್ತದೆ. ಹಾಗಾಗಿ ವಾಹನದ ದೀಪಗಳೆಲ್ಲ ಸಮಾಂತರ ಜೋಡಣೆಯಲ್ಲೇ ಇರುತ್ತವೆ.

ತಂತಿಯ ಲೆಕ್ಕ

ಈಗ ತಂತಿಗೆ ಬರೋಣ. ತಾಮ್ರ ಒಳ್ಳೆಯ ವಾಹಕವೇನೋ ಹೌದು, ಆದರೆ ರೋಧವೇ ಇಲ್ಲದ ವಾಹಕವಲ್ಲ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತವಿರುವ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.017 ಓಮ್. ತಂತಿ ಅರ್ಧ ಚದರ ಮಿಲಿಮೀಟರಿನದಾದರೆ ರೋಧ ದುಪ್ಪಟ್ಟು, 0.035ರ ಹತ್ತಿರ. ಎರಡೂವರೆ ಚದರ ಮಿಲಿಮೀಟರಿನದಾದರೆ ಕೇವಲ 0.007. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ ಎಂಬುದನ್ನು ನೀವು ಓದಿದ್ದೀರಿ.

ಟ್ರ್ಯಾಕ್ಟರಿನ ಬ್ಯಾಟರಿಯಿಂದ ಟ್ರೇಲರ್‌ನ ಹಿಂತುದಿಗೆ ತಂತಿ ಓಡುವ ದೂರ ಸುಮಾರು 10 ಮೀಟರ್ ಎನ್ನೋಣ. ಹೋದ ಪ್ರವಾಹ ಹಿಂದಿರುಗಬೇಕಲ್ಲ? ಅದಕ್ಕೆ ಇನ್ನೊಂದು 10 ಮೀಟರ್. ಒಟ್ಟು 20 ಮೀಟರ್. ಅರ್ಧ ಚದರ ಮಿಲಿಮೀಟರಿನ ತೆಳು ತಂತಿ ಎಳೆದಿದ್ದರೆ ಅದರ ರೋಧ 20 ಗುಣಿಸು 0.035, ಅಂದರೆ 0.7 ಓಮ್. ನೋಡಲು ಅಲ್ಪ ಸಂಖ್ಯೆ. ಆದರೆ ಅದರ ಆಟ ನೋಡಿ.

ಎರಡು ಬಲ್ಬುಗಳಿದ್ದಾಗ ಮಂಡಲದ ಒಟ್ಟು ರೋಧ 3.4 ಮತ್ತು 0.7 ಸೇರಿ 4.1 ಓಮ್. ಪ್ರವಾಹ 2.9 ಆಂಪಿಯರ್. ತಂತಿಯಲ್ಲೇ 2 ವೋಲ್ಟ್ ನಷ್ಟವಾಗಿ ಬಲ್ಬುಗಳಿಗೆ ದಕ್ಕುವುದು 10 ವೋಲ್ಟ್.

ನಾಲ್ಕು ಬಲ್ಬುಗಳಿದ್ದಾಗ ಒಟ್ಟು ರೋಧ 1.7 ಮತ್ತು 0.7 ಸೇರಿ 2.4 ಓಮ್. ಪ್ರವಾಹ 5 ಆಂಪಿಯರ್. ತಂತಿ ನುಂಗುವುದು 3.5 ವೋಲ್ಟ್, ಬಲ್ಬುಗಳಿಗೆ ಉಳಿಯುವುದು 8.5 ವೋಲ್ಟ್ ಮಾತ್ರ.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಟಂಗ್‌ಸ್ಟನ್ ತಂತುವಿನ ಬಲ್ಬಿಗೆ ಒಂದು ದುರ್ಗುಣವಿದೆ. ವಿಭವಾಂತರ ಸ್ವಲ್ಪ ತಗ್ಗಿದರೂ ಬೆಳಕು ಬಹಳ ತಗ್ಗುತ್ತದೆ. ತಂತು ತುಸು ತಣ್ಣಗಾದರೂ ಅದರ ಶಕ್ತಿಯ ಬಹುಪಾಲು ಕಣ್ಣಿಗೆ ಕಾಣದ ಅವರಕ್ತ ಕಿರಣಗಳಾಗಿ ಹೋಗುವುದೇ ಇದಕ್ಕೆ ಕಾರಣ. ವಿಭವಾಂತರ ನೂರಕ್ಕೆ 10 ಭಾಗ ಇಳಿದರೆ ಬೆಳಕು ಸುಮಾರು 30 ಭಾಗ ಇಳಿಯುತ್ತದೆ. 10 ವೋಲ್ಟಿನಲ್ಲಿ ಬಲ್ಬು ಕೊಡುವುದು ಅದರ ಪೂರ್ಣ ಬೆಳಕಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. 8.5 ವೋಲ್ಟಿನಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಈಗ ಒಟ್ಟು ಬೆಳಕನ್ನು ಕೂಡಿಸಿ ನೋಡಿ. ತೆಳು ತಂತಿಯಲ್ಲಿ ಎರಡು ಬಲ್ಬುಗಳು ಸೇರಿ ಹೆಚ್ಚುಕಡಿಮೆ ಒಂದು ಪೂರ್ಣ ಬಲ್ಬಿನ ಬೆಳಕು ಕೊಡುತ್ತವೆ. ನಾಲ್ಕು ಬಲ್ಬುಗಳು ಸೇರಿ ಕೊಡುವುದು ಒಂದೂಕಾಲು ಬಲ್ಬಿನ ಬೆಳಕು! ಹಣ ಇಮ್ಮಡಿ, ಶ್ರಮ ಇಮ್ಮಡಿ, ಲಾಭ ಮಾತ್ರ ಕಾಲು ಬಲ್ಬಿಗಿಂತ ಕಡಿಮೆ. ಅಷ್ಟೇ ಅಲ್ಲ, 5 ಆಂಪಿಯರಿನ ವರ್ಗವನ್ನು 0.7ರಿಂದ ಗುಣಿಸಿದರೆ 17.5 ವಾಟ್. ಹತ್ತಿರ ಹತ್ತಿರ ಒಂದು ಬಲ್ಬಿನ ಶಕ್ತಿಯನ್ನು ತಂತಿಯೇ ತಿಂದು ಬಿಸಿಯಾಗುತ್ತಿದೆ.

ಅದೇ ನಾಲ್ಕು ಬಲ್ಬುಗಳನ್ನು ಎರಡೂವರೆ ಚದರ ಮಿಲಿಮೀಟರಿನ ತಂತಿಯಲ್ಲಿ ಜೋಡಿಸಿ ನೋಡಿ. ತಂತಿಯ ರೋಧ 0.14 ಓಮ್. ನಷ್ಟ ಒಂದು ವೋಲ್ಟಿಗಿಂತ ಕಡಿಮೆ. ಬಲ್ಬಿಗೆ 11 ವೋಲ್ಟ್ ಸಿಕ್ಕಿ, ನಾಲ್ಕೂ ಸೇರಿ ಮೂರು ಪೂರ್ಣ ಬಲ್ಬುಗಳ ಬೆಳಕು ಕೊಡುತ್ತವೆ. ಬಲ್ಬು ಬದಲಾಗಲಿಲ್ಲ, ಬ್ಯಾಟರಿ ಬದಲಾಗಲಿಲ್ಲ. ತಂತಿ ಮಾತ್ರ ದಪ್ಪವಾಯಿತು. ತಂತುವಿನ ರೋಧವು ಶಾಖಕ್ಕೆ ತಕ್ಕಂತೆ ಬದಲಾಗುವುದರಿಂದ ಈ ಸಂಖ್ಯೆಗಳು ಅಂದಾಜಿನವು. ಆದರೆ ತೀರ್ಮಾನ ಗಟ್ಟಿಯಾದದ್ದು: ಬೆಳಕು ಸಾಲದಿದ್ದರೆ ಬಲ್ಬು ಸೇರಿಸುವ ಮೊದಲು ತಂತಿಯನ್ನು ನೋಡಿ.

ಕೊಂಡಿಯಲ್ಲಿ ಕಳೆದುಹೋಗುವ 'ಅರ್ತ್'

ಮೇಲಿನ ಲೆಕ್ಕದಲ್ಲಿ ಹಿಂದಿರುಗುವ ದಾರಿಗೂ ತಂತಿಯನ್ನು ಹಿಡಿದೆವು. ಆದರೆ ಎಷ್ಟೋ ಟ್ರೇಲರ್‌ಗಳಲ್ಲಿ ಆ ತಂತಿಯೇ ಇರುವುದಿಲ್ಲ. ಕಾರು, ಬಸ್ಸುಗಳಲ್ಲಿ ಬ್ಯಾಟರಿಯ ಋಣ ತುದಿಯನ್ನು ಚಾಸಿಗೆ ಕಟ್ಟಿ, ಉಕ್ಕಿನ ಮೈಯನ್ನೇ ಹಿಂದಿರುಗುವ ದಾರಿಯಾಗಿ ಬಳಸುತ್ತಾರೆ. ಇದನ್ನೇ ಮೆಕ್ಯಾನಿಕ್‌ಗಳು 'ಅರ್ತ್' ಎನ್ನುವುದು. ಭೂಮಿಗೂ ಇದಕ್ಕೂ ಸಂಬಂಧವಿಲ್ಲ. ವಾಹನ ರಬ್ಬರಿನ ಗಾಲಿಗಳ ಮೇಲೆ ನಿಂತಿರುತ್ತದಷ್ಟೆ.

ಟ್ರ್ಯಾಕ್ಟರ್ ಮತ್ತು ಟ್ರೇಲರ್‌ಗಳು ಎರಡು ಬೇರೆ ಬೇರೆ ದೇಹಗಳು. ಅವನ್ನು ಸೇರಿಸುವುದು ಮೂಕಿಯ ತುದಿಯ ಬಳೆ ಮತ್ತು ಅದರೊಳಗಿನ ಪಿನ್ನು. ಅಲ್ಲಿ ಗ್ರೀಸು, ಕೆಸರು, ತುಕ್ಕು. ಹಳ್ಳ ದಿಣ್ಣೆಗಳಲ್ಲಿ ಪಿನ್ನು ಕುಣಿಯುತ್ತದೆ. ಒಮ್ಮೆ ಲೋಹಕ್ಕೆ ಲೋಹ ತಾಗುತ್ತದೆ, ಮರುಕ್ಷಣ ಇಲ್ಲ. ಆಗ ದೀಪಗಳು ಮಿಣುಕುತ್ತವೆ.

ಇನ್ನೊಂದು ಸೋಜಿಗವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕಿದರೆ ಬ್ರೇಕ್ ದೀಪ ಮಂಕಾಗಿ ಮಿಟುಕುತ್ತದೆ. ಎಡದ ಇಂಡಿಕೇಟರೂ ಅದರ ಜೊತೆ ಸೇರುತ್ತದೆ. ಇದು ಭೂತಚೇಷ್ಟೆಯಲ್ಲ. ಬಲ್ಬಿನಿಂದ ಹೊರಬಂದ ಪ್ರವಾಹಕ್ಕೆ ಹಿಂದಿರುಗಲು ನೇರ ದಾರಿ ಸಿಗಲಿಲ್ಲ. ಅದು ಪಕ್ಕದ ಬಲ್ಬುಗಳ ತಂತುಗಳೊಳಗೆ ನುಸುಳಿ, ಅವುಗಳ ತಂತಿಯ ಮೂಲಕ ಟ್ರ್ಯಾಕ್ಟರ್ ಸೇರಿ, ಅಲ್ಲಿನ ಬಲ್ಬುಗಳನ್ನು ಹಾದು ಬ್ಯಾಟರಿ ತಲುಪುತ್ತಿದೆ. ಸೇತುವೆ ಕುಸಿದಾಗ ಜನ ಸುತ್ತಿ ಬಳಸಿ ಊರು ಸೇರುವುದಿಲ್ಲವೆ, ಹಾಗೆ. ಟ್ರೇಲರ್‌ನ ದೀಪಗಳು ಹೀಗೆ ಒಂದರ ಕೆಲಸವನ್ನು ಒಂದು ಮಾಡತೊಡಗಿದರೆ ಮೊದಲು ಅರ್ತ್ ಸಂಪರ್ಕವನ್ನು ಪರೀಕ್ಷಿಸಬೇಕು.

ಪರಿಹಾರ ಸರಳ. ಟ್ರೇಲರ್‌ಗೆ ಬೇರೆಯದೇ ಆದ ಅರ್ತ್ ತಂತಿಯನ್ನು, ಹೋಗುವ ತಂತಿಯಷ್ಟೇ ದಪ್ಪನಾದುದನ್ನು, ಪ್ಲಗ್ಗಿನ ಮೂಲಕ ಎಳೆಯುವುದು. ಟ್ರೇಲರ್‌ಗಳಲ್ಲಿ ಬಳಸುವ ಏಳು ಪಿನ್ನಿನ ಪ್ಲಗ್ಗಿನಲ್ಲಿ ಎಡ ಮತ್ತು ಬಲ ಇಂಡಿಕೇಟರ್‌ಗಳಿಗೆ ಎರಡು, ಎಡ ಮತ್ತು ಬಲದ ಹಿಂಬದಿ ಕೆಂಪು ದೀಪಗಳಿಗೆ ಎರಡು, ಬ್ರೇಕಿಗೆ ಒಂದು, ಅರ್ತ್‌ಗೆ ಒಂದು ಪಿನ್ನು ಮೀಸಲು. ಮಿಕ್ಕ ಒಂದು ಖಾಲಿಯಿದ್ದರೆ ರಿವರ್ಸ್ ದೀಪಕ್ಕೆ ಬಳಸಿಕೊಳ್ಳಬಹುದು. ಆದರೆ ಅದು ನಿಜವಾಗಿ ಖಾಲಿ ಇದೆಯೆ ಎಂದು ಮೀಟರ್ ಹಿಡಿದು ನೋಡದೆ ತಂತಿ ಸಿಕ್ಕಿಸಬಾರದು.

ಜೋಡಣೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ಹಲ್ಲಿನಿಂದ ಸಿಪ್ಪೆ ಸುಲಿದು, ಎರಡು ತುದಿ ತಿರುಚಿ, ಟೇಪು ಸುತ್ತಿದ ಗಂಟು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಸಿರುಗಟ್ಟುತ್ತದೆ. ಅಲ್ಲಿ 0.2 ಓಮ್ ರೋಧ ಹುಟ್ಟಿದರೂ 5 ಆಂಪಿಯರ್ ಹರಿಯುವಾಗ 5 ವಾಟ್ ಶಾಖ ಆ ಒಂದೇ ಬಿಂದುವಿನಲ್ಲಿ ಸೇರುತ್ತದೆ. ಸುತ್ತ ಒಣ ತರಗು ಇದ್ದರೆ ಏನಾಗಬಹುದೆಂದು ಬೇರೆ ಹೇಳಬೇಕಿಲ್ಲ. ಬೆಸುಗೆ ಹಾಕಿ ಅಥವಾ ಲೋಹದ ಟರ್ಮಿನಲ್ ಒತ್ತಿ ಕೂರಿಸಿ, ನೀರು ಹೋಗದಂತೆ ಮುಚ್ಚಬೇಕು.

ರಿಲೇ ಎಂಬ ಓಟಗಾರ

ಶಾಲೆಯ ಕ್ರೀಡಾಕೂಟದಲ್ಲಿ ರಿಲೇ ಓಟ ನೋಡಿದ್ದೀರಿ. ಒಬ್ಬ ಓಡಿ ಬಂದು ಕೋಲನ್ನು ಇನ್ನೊಬ್ಬನ ಕೈಗಿಡುತ್ತಾನೆ. ಹೊಸಬ ಹೊಸ ಶಕ್ತಿಯಿಂದ ಓಡುತ್ತಾನೆ. ವಿದ್ಯುತ್ತಿನ ರಿಲೇ ಮಾಡುವುದೂ ಇದನ್ನೇ. ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ 1835ರ ಸುಮಾರಿನಲ್ಲಿ ಇದನ್ನು ಪ್ರಯೋಗಿಸಿ ತೋರಿಸಿದ. ದೂರ ಸಾಗಿ ಕ್ಷೀಣಿಸಿದ ತಂತಿ ಸಂಕೇತಕ್ಕೆ ಹೊಸ ಬ್ಯಾಟರಿಯ ಬಲ ಕೊಟ್ಟು ಮುಂದೆ ಕಳುಹಿಸಲು ಟೆಲಿಗ್ರಾಫ್‌ನಲ್ಲಿ ಅದು ಬಳಕೆಗೆ ಬಂತು.

ರಿಲೇಯ ಒಳಗೆ ಒಂದು ಪುಟ್ಟ ವಿದ್ಯುತ್ಕಾಂತವಿದೆ. ಅದರ ಸುರುಳಿಗೆ ಬೇಕಾದ ಪ್ರವಾಹ ಒಂದು ಆಂಪಿಯರಿನ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಸುರುಳಿಯಲ್ಲಿ ಪ್ರವಾಹ ಹರಿದರೆ ಕಬ್ಬಿಣದ ಎಲೆ ಸೆಳೆಯಲ್ಪಟ್ಟು 'ಟಕ್' ಎಂದು ದೊಡ್ಡ ಸಂಪರ್ಕವೊಂದನ್ನು ಮುಚ್ಚುತ್ತದೆ. ದೀಪಗಳ ಭಾರಿ ಪ್ರವಾಹ ಹರಿಯುವುದು ಈ ದೊಡ್ಡ ಸಂಪರ್ಕದಲ್ಲಿ.

ಇದರ ಅಗತ್ಯವೇನು? ಗೇರ್‌ಬಾಕ್ಸಿನ ಮೇಲಿರುವ ರಿವರ್ಸ್ ಸ್ವಿಚ್ಚು ಬಹಳ ಸಣ್ಣದು. ಚಾಲಕ ಹಿಂದಿನ ಗೇರ್ ಹಾಕಿದಾಗ ಒಳಗಿನ ಸರಳು ಸ್ವಿಚ್ಚಿನ ಗುಂಡಿಯನ್ನು ಒತ್ತುತ್ತದೆ. ಟ್ರ್ಯಾಕ್ಟರಿನ ಒಂದೆರಡು ಬಲ್ಬುಗಳಿಗಷ್ಟೇ ಅದು ತಾಳಿಕೊಳ್ಳುತ್ತದೆ. ಟ್ರೇಲರ್‌ನ ಇನ್ನೂ ನಾಲ್ಕು ಬಲ್ಬುಗಳನ್ನು ಅದಕ್ಕೇ ಕಟ್ಟಿದರೆ 7 ಆಂಪಿಯರ್ ಹೆಚ್ಚಿಗೆ ಹೊರಬೇಕು. ಅದೂ ಅಲ್ಲದೆ ತಣ್ಣಗಿರುವ ತಂತುವಿನ ರೋಧ ಉರಿಯುವಾಗಿನ ರೋಧದ ಹತ್ತನೆಯ ಒಂದು ಭಾಗದಷ್ಟೇ. ಹೀಗಾಗಿ ಸ್ವಿಚ್ ಹಾಕಿದ ಮೊದಲ ಗಳಿಗೆಯಲ್ಲಿ ಪ್ರವಾಹ ಹಲವು ಪಟ್ಟು ನುಗ್ಗುತ್ತದೆ. ಸಣ್ಣ ಸ್ವಿಚ್ಚಿನ ಸಂಪರ್ಕಗಳು ಸುಟ್ಟು ಕರಕಾಗುತ್ತವೆ.

ವಾಹನಗಳ ರಿಲೇಯ ಕಾಲುಗಳ ಬಳಿ ಸಂಖ್ಯೆಗಳಿರುತ್ತವೆ. 30ಕ್ಕೆ ಬ್ಯಾಟರಿಯ ಧನ ತುದಿಯಿಂದ ಫ್ಯೂಸ್ ಹಾದು ಬಂದ ದಪ್ಪ ತಂತಿ. 87ರಿಂದ ಟ್ರೇಲರ್ ದೀಪಗಳಿಗೆ ದಪ್ಪ ತಂತಿ. 86ಕ್ಕೆ ರಿವರ್ಸ್ ಸ್ವಿಚ್ಚಿನಿಂದ ಬಂದ ತೆಳು ತಂತಿ. 85 ಅರ್ತ್‌ಗೆ. ಇಷ್ಟೇ ಜೋಡಣೆ. ಗೇರ್‌ಬಾಕ್ಸಿನಲ್ಲಿ ಸ್ವಿಚ್ಚೇ ಇಲ್ಲದ ಹಳೆಯ ಟ್ರ್ಯಾಕ್ಟರಾದರೆ 86ಕ್ಕೆ ಕೈಸ್ವಿಚ್ಚೊಂದನ್ನು ಕೊಡಬಹುದು. ಆಗ ಚಾಲಕನ ಕಣ್ಣೆದುರು ಒಂದು ಪುಟ್ಟ ಕೆಂಪು ಸೂಚಕ ಬಲ್ಬು ಇರಲೇಬೇಕು. ಇಲ್ಲವಾದರೆ ಆರಿಸಲು ಮರೆತು ರಸ್ತೆಗೆ ಹೋಗುವುದು ಖಂಡಿತ.

ಫ್ಯೂಸ್ ಕಾಯುವುದು ಯಾರನ್ನು?

ಫ್ಯೂಸ್ ಇರುವುದು ಬಲ್ಬನ್ನು ಕಾಯಲು ಎಂದು ಹಲವರ ನಂಬಿಕೆ. ಅದು ಕಾಯುವುದು ತಂತಿಯನ್ನು. ತಂತಿಯ ಸಿಪ್ಪೆ ಎಲ್ಲೋ ಉಜ್ಜಿಹೋಗಿ ತಾಮ್ರ ಚಾಸಿಗೆ ತಗುಲಿತೆನ್ನಿ. ಆಗ ಬಲ್ಬಿನ ರೋಧ ಮಂಡಲದಲ್ಲಿ ಇರುವುದಿಲ್ಲ. ಎಂಜಿನ್ ಚಾಲೂ ಮಾಡಲು ನೂರಾರು ಆಂಪಿಯರ್ ಕೊಡಬಲ್ಲ ಬ್ಯಾಟರಿ ಈ ತಂತಿಗೂ ಧಾರಾಳವಾಗಿ ಕೊಡುತ್ತದೆ. ಕೆಲವೇ ಕ್ಷಣಗಳಲ್ಲಿ ತಂತಿ ಕೆಂಪಗೆ ಕಾದು ಸಿಪ್ಪೆ ಹೊತ್ತಿಕೊಳ್ಳುತ್ತದೆ.

ಆದ್ದರಿಂದ ಫ್ಯೂಸ್ ಬ್ಯಾಟರಿಯ ಧನ ತುದಿಗೆ ಆದಷ್ಟು ಹತ್ತಿರ, ಒಂದು ಗೇಣಿನೊಳಗೆ ಇರಬೇಕು. ಬ್ಯಾಟರಿ ಮತ್ತು ಫ್ಯೂಸಿನ ನಡುವಣ ತಂತಿಗೆ ಕಾವಲಿರುವುದಿಲ್ಲ. ನಮ್ಮ ನಾಲ್ಕು ಬಲ್ಬುಗಳಿಗೆ 7 ಆಂಪಿಯರ್ ಸಾಕು. 10 ಆಂಪಿಯರಿನ ಫ್ಯೂಸ್ ಹಾಕಬಹುದು. ತಂತಿ ಮಾತ್ರ 10ಕ್ಕಿಂತ ಹೆಚ್ಚು ತಾಳುವಂಥದ್ದಿರಬೇಕು. ಫ್ಯೂಸ್ ಸುಟ್ಟಿತೆಂದು ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಮಡಿಸಿ ತುರುಕುವ ಅಭ್ಯಾಸ ಅಲ್ಲಲ್ಲಿ ಉಂಟು. ಕಾವಲುಗಾರ ಕೂಗಿದನೆಂದು ಅವನ ಬಾಯಿ ಕಟ್ಟಿದಂತೆ ಅದು. ಫ್ಯೂಸ್ ಏಕೆ ಸುಟ್ಟಿತೆಂದು ಹುಡುಕುವುದೇ ಸರಿಯಾದ ದಾರಿ.

ಕೆಲಸ ಆರಂಭಿಸುವ ಮುನ್ನ ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಬೇಕು. ಮೊದಲು ಧನ ತುದಿ ಬಿಚ್ಚಲು ಹೋಗಿ ಸ್ಪ್ಯಾನರ್ ಚಾಸಿಗೆ ತಗುಲಿದರೆ ಭಾರಿ ಕಿಡಿ ಏಳುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಬರುವುದರಿಂದ ಆ ಕಿಡಿ ಅಪಾಯಕಾರಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಬೆರಳಿನ ಉಂಗುರ, ಲೋಹದ ಕೈಗಡಿಯಾರದ ಪಟ್ಟಿ ಎರಡು ತುದಿಗಳ ನಡುವೆ ಸಿಕ್ಕಿದರೆ ಕ್ಷಣದಲ್ಲಿ ಕಾದು ಸುಡುತ್ತದೆ. ಅವನ್ನು ತೆಗೆದಿಟ್ಟೇ ಕೆಲಸಕ್ಕೆ ಕೈ ಹಾಕಬೇಕು.

ದೀಪ ಎಲ್ಲಿರಬೇಕು?

ದೀಪದಿಂದ ದೂರ ಹೋದಂತೆ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. 1 ಮೀಟರಿನಲ್ಲಿ ಇದ್ದುದರ ಒಂಬತ್ತನೆಯ ಒಂದು ಭಾಗ ಮಾತ್ರ 3 ಮೀಟರಿನಲ್ಲಿ ಉಳಿಯುತ್ತದೆ. ಹಾಗಾಗಿ ದೀಪಗಳನ್ನು ಆಕಾಶಕ್ಕೆ ತೋರಿಸದೆ, ಹಿಂದಿನ ನಾಲ್ಕಾರು ಮೀಟರ್ ನೆಲ ಬೆಳಗುವಂತೆ ತುಸು ಕೆಳಕ್ಕೆ ಬಾಗಿಸಬೇಕು. ಎರಡೂ ಅಂಚುಗಳಲ್ಲಿ ಒಂದೊಂದು ಇದ್ದರೆ ಒಂದರ ನೆರಳನ್ನು ಮತ್ತೊಂದು ತುಂಬುತ್ತದೆ. ಒಂದೇ ದೀಪ ನಡುವೆ ಇದ್ದರೆ ಕಲ್ಲು, ಹಳ್ಳ, ಮಲಗಿದ ಮಗು ಎಲ್ಲವೂ ಒಂದೇ ಬಗೆಯ ಕಪ್ಪು ನೆರಳುಗಳಾಗಿ ಕಾಣಬಹುದು. ಜೋತುಬಿದ್ದ ಕಬ್ಬಿನ ಸೋಗೆ ದೀಪವನ್ನು ಮುಚ್ಚದಂತೆಯೂ ನೋಡಿಕೊಳ್ಳಬೇಕು.

ಈಗ ಎಲ್‌ಇಡಿ ದೀಪಗಳು ಎಲ್ಲೆಡೆ ಸಿಗುತ್ತವೆ. ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಜಪಾನಿನ ಅಕಾಸಾಕಿ, ಅಮಾನೊ ಮತ್ತು ಜಪಾನಿನಲ್ಲೇ ಹುಟ್ಟಿದ ನಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ದೊರೆಯಿತು. ನೀಲಿ ಬೆಳಕಿನ ಮೇಲೆ ಹಳದಿ ಹೊಳಪಿನ ರಾಸಾಯನಿಕ ಲೇಪಿಸಿ ಬಿಳಿ ಬೆಳಕು ಪಡೆಯುತ್ತಾರೆ. 21 ವಾಟಿನ ಬಲ್ಬಿಗೆ ಸಮನಾದ ಬೆಳಕನ್ನು ಇವು ಐದಾರು ವಾಟಿನಲ್ಲೇ ಕೊಡಬಲ್ಲವು. ಪ್ರವಾಹ ಅರ್ಧ ಆಂಪಿಯರಿನ ಆಸುಪಾಸು. ಪ್ರವಾಹ ಕಡಿಮೆಯಾದ್ದರಿಂದ ತಂತಿಯ ನಷ್ಟವೂ ಕಡಿಮೆ. ಎಲ್‌ಇಡಿ ಡಯೋಡ್ ಆದ್ದರಿಂದ ಧನ, ಋಣ ತುದಿಗಳನ್ನು ಅದಲುಬದಲು ಮಾಡಿದರೆ ಉರಿಯುವುದಿಲ್ಲ ಎಂಬುದು ನೆನಪಿರಲಿ. ಅರ್ತ್ ತಂತಿ ಮತ್ತು ಫ್ಯೂಸ್ ಇದಕ್ಕೂ ಬೇಕೇ ಬೇಕು.

ಬಿಳಿ ಮುಂದೆ, ಕೆಂಪು ಹಿಂದೆ

ರಸ್ತೆಯಲ್ಲಿ ದೀಪದ ಬಣ್ಣವೇ ಒಂದು ಭಾಷೆ. ಬಿಳಿ ಬೆಳಕು ಕಂಡರೆ ವಾಹನ ನಮ್ಮತ್ತ ಬರುತ್ತಿದೆ, ಕೆಂಪು ಕಂಡರೆ ನಮಗೆ ಬೆನ್ನು ಮಾಡಿ ಹೋಗುತ್ತಿದೆ ಎಂದು ಅರ್ಥ. ರಿವರ್ಸ್ ದೀಪ ಬಿಳಿಯಾಗಿರುವುದು ಈ ವ್ಯಾಕರಣಕ್ಕೆ ತಕ್ಕಂತೆಯೇ: ಹಿಂದೆ ಸರಿಯುವ ವಾಹನ ನಮ್ಮತ್ತ ಬರುತ್ತಿದೆ ತಾನೆ? ಮುಂದಕ್ಕೆ ಹೋಗುವಾಗಲೂ ಅದು ಉರಿಯುತ್ತಿದ್ದರೆ ಹಿಂದಿನ ಸವಾರ ಮೋಸಹೋಗುತ್ತಾನೆ. ಜೊತೆಗೆ ಕಣ್ಣು ಕೋರೈಸುತ್ತದೆ. ಆದ್ದರಿಂದ ರಿವರ್ಸ್ ದೀಪವನ್ನು ಹಿಂಬದಿ ಕೆಂಪು ದೀಪದ ತಂತಿಗೆ ಸೇರಿಸುವುದು ಅಪಾಯ, ಕಾನೂನಿಗೂ ವಿರುದ್ಧ.

ಕೆಂಪು ದೀಪ ಕೆಟ್ಟಾಗಲೂ ಕೆಲಸ ಮಾಡುವುದು ಪ್ರತಿಫಲಕ, ಅಂದರೆ ರಿಫ್ಲೆಕ್ಟರ್. ಒಂದಕ್ಕೊಂದು ಲಂಬವಾದ ಮೂರು ಮುಖಗಳ ಮೂಲೆಗಳು ಅದರಲ್ಲಿ ನೂರಾರು. ಎತ್ತಲಿಂದ ಬೆಳಕು ಬಂತೋ ಅತ್ತಲೇ ಅದನ್ನು ಹಿಂದಿರುಗಿಸುವುದು ಅವುಗಳ ಗುಣ. 1969ರಲ್ಲಿ ಅಪೋಲೊ 11ರ ಯಾತ್ರಿಗಳು ಚಂದ್ರನ ಮೇಲೆ ಇರಿಸಿದ್ದು ಇದೇ ತತ್ವದ ಪ್ರತಿಫಲಕವನ್ನು. ತಂತಿ ಬೇಡ, ಬ್ಯಾಟರಿ ಬೇಡ. ಕೆಸರು ಮೆತ್ತಿದಾಗ ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು.

ಪೋಷಕರಿಗೆ ಎರಡು ಮಾತು

ದೀಪ ಎಷ್ಟು ಚೆನ್ನಾಗಿ ಉರಿದರೂ ಚಾಲಕನ ಕಣ್ಣು ಕಬ್ಬಿನ ಹೊರೆಯನ್ನು ತೂರಿ ನೋಡಲಾರದು. ಆ ಬೆಳಕು ಇರುವುದು ಹಿಂದೆ ನಿಂತು ದಾರಿ ತೋರುವವನಿಗಾಗಿ, ಮತ್ತು ಹಿಂದೆ ಇರುವವರನ್ನು ಎಚ್ಚರಿಸುವುದಕ್ಕಾಗಿ. ದೀಪದೊಡನೆ ಸಮಾಂತರವಾಗಿ ಒಂದು ಬಜರ್ ಜೋಡಿಸಿದರೆ ಕಿವಿಗೂ ಸೂಚನೆ ಸಿಗುತ್ತದೆ. ಆದರೂ ನಿದ್ದೆಯಲ್ಲಿರುವ ಮಗುವಿಗೆ ದೀಪ, ಬಜರ್ ಎರಡೂ ಸಾಲವು. ಹಿಂದಿನ ಗೇರ್ ಹಾಕುವ ಮೊದಲು ಒಬ್ಬರು ಟ್ರೇಲರ್ ಸುತ್ತ ನಡೆದು ನೋಡಬೇಕು.

ಟ್ರೇಲರ್ ಹಿಂದೆ ಹೋಗುವ ರೀತಿಯೂ ವಿಚಿತ್ರ. ಎರಡು ಗಾಲಿಯ ಟ್ರೇಲರಾದರೆ ಟ್ರ್ಯಾಕ್ಟರಿನ ಹಿಂಭಾಗ ಎಡಕ್ಕೆ ಸರಿದಾಗ ಮೂಕಿಯೂ ಎಡಕ್ಕೆ ತಳ್ಳಲ್ಪಟ್ಟು, ಟ್ರೇಲರ್‌ನ ಬಾಲ ಬಲಕ್ಕೆ ತಿರುಗುತ್ತದೆ. ಪಕ್ಕದಲ್ಲಿ ನಿಂತವರು ತಾವು ಸುರಕ್ಷಿತ ಜಾಗದಲ್ಲಿದ್ದೇವೆ ಎಂದುಕೊಂಡ ಕಡೆಗೇ ಅದು ಬರಬಹುದು. ದಾರಿ ತೋರುವವರು ನೇರ ಹಿಂದೆ ನಿಲ್ಲದೆ, ಚಾಲಕನ ಕನ್ನಡಿಯಲ್ಲಿ ಕಾಣುವಂತೆ ದೂರದಲ್ಲಿ ಒಂದು ಪಕ್ಕಕ್ಕೆ ನಿಲ್ಲಬೇಕು. ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬೇಡಿ. ಮಕ್ಕಳಿಗೆ ಒಪ್ಪಿಸಬೇಕಾದದ್ದು ಲೆಕ್ಕ. ಆಟೊ ಎಲೆಕ್ಟ್ರಿಷಿಯನ್ ಬಳಿ ಹೋಗುವ ಮುನ್ನ, ಎಷ್ಟು ಆಂಪಿಯರ್, ಎಷ್ಟು ದಪ್ಪದ ತಂತಿ, ಎಷ್ಟರ ಫ್ಯೂಸ್ ಎಂದು ಮಗ ಅಥವಾ ಮಗಳಿಂದ ಬರೆಸಿಕೊಳ್ಳಿ. ಅವರು ಕಲಿತ ಓಮ್‌ನ ನಿಯಮ ಮನೆಯ ಕೆಲಸಕ್ಕೆ ಬಂದಂತಾಗುತ್ತದೆ.

ಮಾಡಿ ನೋಡಿ

ಎರಡು ಟಾರ್ಚ್ ಸೆಲ್‌ಗಳು, 2.5 ವೋಲ್ಟಿನ ಟಾರ್ಚ್ ಬಲ್ಬುಗಳು ನಾಲ್ಕು, ಹಳೆಯ ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿದ ಕೂದಲೆಳೆಯಂಥ ತಾಮ್ರದ ತಂತಿ ಐದು ಮೀಟರ್ ಸಂಗ್ರಹಿಸಿ. ತಂತಿಯ ತುದಿಗಳ ಅರಗನ್ನು ಮರಳು ಕಾಗದದಿಂದ ಉಜ್ಜಿ ತೆಗೆಯಿರಿ. ಸೆಲ್‌ಗಳಿಂದ ಬಲ್ಬುಗಳಿಗೆ ಈ ತಂತಿಯ ಮೂಲಕ ಸಂಪರ್ಕ ಕೊಟ್ಟು, ಒಂದಾದ ಮೇಲೊಂದು ಬಲ್ಬನ್ನು ಸಮಾಂತರವಾಗಿ ಸೇರಿಸುತ್ತ ಬೆಳಕನ್ನು ಗಮನಿಸಿ. ಅನಂತರ ಅದೇ ಪ್ರಯೋಗವನ್ನು ದಪ್ಪ ತಂತಿಯಲ್ಲಿ ಮಾಡಿ. ಶಾಲೆಯಲ್ಲಿ ಮೀಟರ್ ಇದ್ದರೆ ಪ್ರತಿ ಸಲವೂ ಬಲ್ಬಿನ ಎರಡು ತುದಿಗಳ ನಡುವಿನ ವಿಭವಾಂತರವನ್ನು ಅಳೆದು ಬರೆದಿಡಿ.

ಕೊನೆಗೆ ಒಂದು ಪ್ರಶ್ನೆ. ಗೇರ್‌ಬಾಕ್ಸಿನ ಸ್ವಿಚ್ಚು ಮುಚ್ಚಿದಾಗಲೂ ದೀಪ ಉರಿಯಬೇಕು. ಟ್ರ್ಯಾಕ್ಟರ್ ನಿಂತಿದ್ದಾಗ ಕೈಸ್ವಿಚ್ಚು ಒತ್ತಿ ನೆಲ ನೋಡುವಂತೆಯೂ ಇರಬೇಕು. ಈ ಎರಡು ಸ್ವಿಚ್ಚುಗಳನ್ನು ರಿಲೇಯ 86ನೆಯ ಕಾಲಿಗೆ ಸರಣಿಯಲ್ಲಿ ಜೋಡಿಸುವಿರಾ, ಸಮಾಂತರವಾಗಿಯೇ? ಚಿತ್ರ ಬರೆದು, ಕಾರಣದೊಂದಿಗೆ ನಿಮ್ಮ ವಿಜ್ಞಾನ ಉಪಾಧ್ಯಾಯರಿಗೆ ತೋರಿಸಿ.